ಹಾಲೋ, ರಾಗಿಯೋ, ಮೀನೋ, ಮಾತ್ರೆಯೋ? ಕೊಡಗಿನ ಅಡುಗೆಮನೆಗೊಂದು ಕ್ಯಾಲ್ಸಿಯಂ ಹೋಲಿಕೆ

ಕೊಡಗಿನ ಅಡುಗೆಮನೆಯಲ್ಲಿ ಅಕ್ಕಿಯದೇ ದರ್ಬಾರು. ಬೆಳಗ್ಗೆ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ಇಲ್ಲವೇ ನೂಪುಟ್ಟು (ಅಕ್ಕಿ ಶಾವಿಗೆ), ಮಧ್ಯಾಹ್ನ ಅನ್ನ, ಹಬ್ಬಕ್ಕೆ ಕಡಂಬುಟ್ಟು (ಅಕ್ಕಿ ತರಿಯ ಉಂಡೆ). ಜೊತೆಗೆ ಪಂದಿ (ಹಂದಿ) ಕರಿಯೋ ಕೋಳಿ ಸಾರೋ ಇರುತ್ತದೆ. ರುಚಿಯ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಕ್ಯಾಲ್ಸಿಯಂ ಲೆಕ್ಕ ಹಿಡಿದು ಕೂತರೆ ಈ ತಟ್ಟೆಯಲ್ಲಿ ಹೆಚ್ಚೇನೂ ಸಿಗುವುದಿಲ್ಲ. ನೂರು ಗ್ರಾಂ ಅಕ್ಕಿಯಲ್ಲಿ ಇರುವುದು ಹತ್ತು ಮಿಲಿಗ್ರಾಂಗಿಂತ ಕಡಿಮೆ. ಪಂದಿಯಾಗಲಿ ಕೋಳಿಯಾಗಲಿ, ನೂರು ಗ್ರಾಂ ಮಾಂಸದಲ್ಲಿ ಹತ್ತೋ ಇಪ್ಪತ್ತೋ ಮಿಲಿಗ್ರಾಂ, ಅಷ್ಟೇ.

ಬೇಕಾಗಿರುವುದು ಎಷ್ಟು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದಿನಕ್ಕೆ 1000 ಮಿ.ಗ್ರಾಂ. ಎದೆಹಾಲು ಕೊಡುವ ತಾಯಂದಿರಿಗೆ ಮತ್ತು ಮುಟ್ಟು ನಿಂತ ಹೆಂಗಸರಿಗೆ 1200. ಹತ್ತರಿಂದ ಹನ್ನೆರಡು ವರ್ಷದ ಮಕ್ಕಳಿಗೆ 850, ಹದಿನಾರು ದಾಟಿದ ಹುಡುಗ ಹುಡುಗಿಯರಿಗೆ 1050. ಎಲ್ಲಾದರೂ ದೊಡ್ಡವರಿಗೆ 600 ಸಾಕು ಅಂತ ಓದಿದ್ದರೆ ಅದು 2010ರ ಹಳೆಯ ಲೆಕ್ಕ.

ಈಗ ನಮ್ಮ ಕಡೆಯ ಒಂದು ಸಾಧಾರಣ ದಿನವನ್ನು ಕೂಡಿಸಿ ನೋಡೋಣ. ಮೂರು ಹೊತ್ತಿನ ಅಕ್ಕಿಯಿಂದ ಸುಮಾರು 30. ಮಾಂಸದಿಂದ 15. ಸ್ವಲ್ಪ ಬೇಳೆ, ಒಂದು ತರಕಾರಿ ಪಲ್ಯ ಸೇರಿ 80. ಎರಡು ಲೋಟ ಹಾಲು ಕಾಫಿ, ಲೋಟಕ್ಕೆ 60 ಮಿ.ಲೀ. ಹಾಲು ಅಂದುಕೊಂಡರೆ 140. ಒಟ್ಟು 265 ಮಿ.ಗ್ರಾಂ. ಬೇಕಾದದ್ದರ ಕಾಲು ಭಾಗಕ್ಕಿಂತ ಸ್ವಲ್ಪ ಮೇಲೆ. ಮನೆಯಲ್ಲಿ ಹಾಲಿಲ್ಲದ ಬೆಲ್ಲದ ಕಾಫಿಯೇ ರೂಢಿಯಾಗಿದ್ದರೆ ಆ 140 ಕೂಡ ಹೋಯಿತು. ಬೆಲ್ಲದಲ್ಲಿ ಒಂದಿಷ್ಟು ಕ್ಯಾಲ್ಸಿಯಂ ಇದೆ ನಿಜ, ಆದರೆ ಲೋಟಕ್ಕೆ ಬೀಳುವ ಬೆಲ್ಲ ಎಷ್ಟು ಹೇಳಿ?

ಕಡಿಮೆ ತಿಂದರೆ ತಕ್ಷಣ ಏನೂ ಗೊತ್ತಾಗುವುದಿಲ್ಲ. ಅದೇ ಇದರ ಅಪಾಯ. ಮೈಯ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಭಾಗ ಇರುವುದು ಮೂಳೆ ಮತ್ತು ಹಲ್ಲಿನಲ್ಲಿ. ಉಳಿದ ಒಂದು ಭಾಗ ರಕ್ತದಲ್ಲಿ, ಜೀವಕೋಶಗಳಲ್ಲಿ ಓಡಾಡುತ್ತಾ ಹೃದಯ ಬಡಿಯುವುದಕ್ಕೆ, ಸ್ನಾಯು ಕೆಲಸ ಮಾಡುವುದಕ್ಕೆ, ರಕ್ತ ಹೆಪ್ಪುಗಟ್ಟುವುದಕ್ಕೆ ಬೇಕು. ರಕ್ತದಲ್ಲಿ ಕಡಿಮೆಯಾಗುವ ಸೂಚನೆ ಸಿಕ್ಕ ಕೂಡಲೇ ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮೂಳೆಯಿಂದ ಕ್ಯಾಲ್ಸಿಯಂ ಎಳೆದು ತಂದು ಸರಿ ಮಾಡುತ್ತವೆ. ಹೀಗಾಗಿ ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಅಂತ ಬಂದರೆ ಮೂಳೆಯೂ ಗಟ್ಟಿಯಾಗಿದೆ ಅಂತ ಅರ್ಥ ಅಲ್ಲ. ತೋಟ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮಳೆಗೆ ಮಣ್ಣಿನ ಕ್ಯಾಲ್ಸಿಯಂ ತೊಳೆದು ಹೋಗಿ ಹುಳಿ ಏರುತ್ತದೆ, ಅದಕ್ಕೇ ಕಾಫಿ ಬುಡಕ್ಕೆ ಸುಣ್ಣ ಹಾಕುತ್ತೇವೆ. ಒಂದು ವರ್ಷ ಹಾಕದಿದ್ದರೆ ಗಿಡ ಸಾಯುವುದಿಲ್ಲ. ಹಲವು ವರ್ಷ ಮರೆತರೆ ಗೊತ್ತಾಗುತ್ತದೆ.

ಹೋಲಿಸುವ ಮುನ್ನ ಒಂದು ಮಾತು

ಕ್ಯಾಲ್ಸಿಯಂ ಪಟ್ಟಿಗಳು ಎಲ್ಲಾ ಕಡೆ ಸಿಗುತ್ತವೆ. ನೂರು ಗ್ರಾಂನಲ್ಲಿ ಇಷ್ಟು, ಅಷ್ಟು. ಆ ಪಟ್ಟಿ ನೋಡಿದರೆ ಕರಿಬೇವು ಹಾಲನ್ನು ಐದು ಪಟ್ಟು ಮೀರಿಸುತ್ತದೆ. ಆದರೆ ನೂರು ಗ್ರಾಂ ಕರಿಬೇವು ಯಾರು ತಿನ್ನುತ್ತಾರೆ? ಅದಕ್ಕೇ ನಾನು ಯಾವ ಆಹಾರವನ್ನಾದರೂ ಮೂರು ಪ್ರಶ್ನೆ ಕೇಳಿ ಅಳೆಯುತ್ತೇನೆ. ಅದರಲ್ಲಿ ಎಷ್ಟಿದೆ? ನಾವು ದಿನಾ ಎಷ್ಟು ತಿನ್ನುತ್ತೇವೆ? ತಿಂದದ್ದರಲ್ಲಿ ಮೈಗೆ ಹತ್ತುವುದು ಎಷ್ಟು? ಈ ಮೂರನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ಎಷ್ಟೋ ಆಹಾರ ಸೋಲುವುದು ಅಲ್ಲೇ.

ಹಾಲು, ಮೊಸರು, ಮಜ್ಜಿಗೆ, ತುಪ್ಪ

ಹಸುವಿನ ಹಾಲಿನಲ್ಲಿ ನೂರು ಗ್ರಾಂಗೆ ಸುಮಾರು 118 ಮಿ.ಗ್ರಾಂ, ಎಮ್ಮೆ ಹಾಲಿನಲ್ಲಿ 121. ವ್ಯತ್ಯಾಸ ಇಲ್ಲವೆಂದೇ ಹೇಳಬಹುದು. 200 ಮಿ.ಲೀ. ಲೋಟದಲ್ಲಿ 240 ಸಿಗುತ್ತದೆ. ಅದರಲ್ಲಿ ಮೂರನೇ ಒಂದರಷ್ಟು ಮೈಗೆ ಹತ್ತುತ್ತದೆ. ಇದು ಕಡಿಮೆ ಅನ್ನಿಸಬಹುದು, ಆದರೆ ಕ್ಯಾಲ್ಸಿಯಂ ವಿಷಯದಲ್ಲಿ ಇದು ಒಳ್ಳೆಯ ಅಂಕವೇ. ದಿನಕ್ಕೆ 1000 ಅನ್ನುವ ಲೆಕ್ಕದಲ್ಲೂ ಈ ಸೋರಿಕೆಯನ್ನು ಮೊದಲೇ ಹಿಡಿದಿರುತ್ತಾರೆ.

ಕೆನೆ ತೆಗೆದರೆ ಕ್ಯಾಲ್ಸಿಯಂ ಹೋಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ. ನೀರು ಬೆರೆಸಿದರೆ ಮಾತ್ರ ಹೋಗುತ್ತದೆ. ಹಾಗಾಗಿ ಕೊಬ್ಬಿನ ಚಿಂತೆ ಇರುವವರು ನೀಲಿ ಪ್ಯಾಕೆಟ್ಟಿನ ಹಾಲನ್ನೇ ಕೆನೆ ತೆಗೆದು ಕುಡಿಯಬಹುದು, ನಷ್ಟವಿಲ್ಲ. ಇನ್ನು ಬೆಣ್ಣೆ, ತುಪ್ಪ. ಬಿಸಿ ಒಟ್ಟಿಯ ಮೇಲೆ ಬೆಣ್ಣೆ ಹಾಕಿಕೊಂಡು "ಹಾಲಿನದ್ದೇ ಅಲ್ವಾ" ಅನ್ನುವವರಿದ್ದಾರೆ. ಹಾಲಿನದ್ದೇ, ಆದರೆ ಕ್ಯಾಲ್ಸಿಯಂ ಎಲ್ಲಾ ಮಜ್ಜಿಗೆಯಲ್ಲೇ ಉಳಿದುಬಿಟ್ಟಿದೆ. ತುಪ್ಪದಲ್ಲಿ ಕ್ಯಾಲ್ಸಿಯಂ ಇಲ್ಲವೆಂದೇ ತಿಳಿಯಿರಿ.

ಹಾಲು ಮತ್ತು ಮೊಸರಿನ ನಡುವೆ ಆರಿಸಬೇಕಾದರೆ ನಾನು ಮೊಸರಿಗೆ ಒಂದು ಹೆಜ್ಜೆ ಮುಂದೆ ಜಾಗ ಕೊಡುತ್ತೇನೆ. ಕ್ಯಾಲ್ಸಿಯಂ ಹಾಲಿನಷ್ಟೇ ಇರುತ್ತದೆ, ಗಟ್ಟಿ ಮೊಸರಾದರೆ ಸ್ವಲ್ಪ ಜಾಸ್ತಿಯೇ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು, ಭೇದಿಯಾಗುವವರು ನಮ್ಮಲ್ಲಿ ಬಹಳ ಇದ್ದಾರೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅವರಿಗೆ ಅರಗುವುದಿಲ್ಲ. ಮೊಸರಾಗುವಾಗ ಅದರಲ್ಲಿ ಒಂದಿಷ್ಟು ಕರಗಿಹೋಗುವುದರಿಂದ ಅವರಿಗೂ ಮೊಸರು ಒಗ್ಗುತ್ತದೆ. ಮಳೆಗಾಲ ಶುರುವಾದ ಕೂಡಲೇ "ಮೊಸರು ಶೀತ" ಅಂತ ಬಿಟ್ಟುಬಿಡುವುದು ನಮ್ಮ ಕಡೆ ಮಾಮೂಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳು ಬಿಟ್ಟರೆ ವರ್ಷದ ಮೂರನೇ ಒಂದು ಭಾಗ ಹೋಯಿತಲ್ಲ! ಶೀತ ಬರಿಸುವುದು ವೈರಸ್, ಮೊಸರಲ್ಲ. ತಣ್ಣಗಿನದ್ದು ಬೇಡವಾದರೆ ಮಜ್ಜಿಗೆ ಹುಳಿ ಮಾಡಿ ಬಿಸಿಬಿಸಿಯಾಗಿ ಊಟ ಮಾಡಿ. ತೆಳು ಮಜ್ಜಿಗೆಯನ್ನು ಮಾತ್ರ ಮೊಸರಿನ ಲೆಕ್ಕಕ್ಕೆ ಹಿಡಿಯಬೇಡಿ. ಮೂರು ಪಾಲು ನೀರಿದ್ದರೆ ಕ್ಯಾಲ್ಸಿಯಂ ಕಾಲು ಪಾಲು.

ಪನೀರಿನಲ್ಲಿ ನೂರು ಗ್ರಾಂಗೆ 470ರ ಹತ್ತಿರ ಇದೆ. ವಾರಕ್ಕೊಮ್ಮೆ ಒಳ್ಳೆಯದೇ, ದಿನಾ ಅನ್ನುವವರಿಗೆ ಖರ್ಚು ಜಾಸ್ತಿ.

ಒಂದು ವಿಷಯ ಹೇಳಬೇಕು ಅನ್ನಿಸುತ್ತದೆ. ಕರ್ನಾಟಕದ ಮೊದಲ ಡೈರಿ ಶುರುವಾದದ್ದು ನಮ್ಮ ಕೂಡಿಗೆಯಲ್ಲಿ, 1955ರಲ್ಲಿ. ಅಂಥ ಜಿಲ್ಲೆಯಲ್ಲಿ ಎಷ್ಟೋ ಮನೆಗಳಲ್ಲಿ ಹಾಲು ಬರೀ ಕಾಫಿಗೆ ಬಣ್ಣ ಕೊಡುವುದಕ್ಕೆ ಸೀಮಿತವಾಗಿರುವುದು ಬೇಸರದ ಸಂಗತಿ.

ಕಾಫಿ ಮೂಳೆ ಕರಗಿಸುತ್ತದೆಯೇ ಅಂತ ಬಹಳ ಜನ ಕೇಳುತ್ತಾರೆ. ಕಾಫಿ ಬೆಳೆಯುವ ನಾಡಿನಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು. ಒಂದು ಲೋಟ ಕಾಫಿಯಿಂದ ಮೂತ್ರದಲ್ಲಿ ಜಾಸ್ತಿಯಾಗಿ ಹೋಗುವ ಕ್ಯಾಲ್ಸಿಯಂ ಬೆರಳೆಣಿಕೆಯ ಮಿಲಿಗ್ರಾಂ ಅಷ್ಟೇ. ಎರಡು ಮೂರು ಚಮಚ ಹಾಲು ಅದನ್ನು ತುಂಬಿಕೊಡುತ್ತದೆ. ಕಾಫಿಗೆ ಹೆದರಬೇಕಾಗಿಲ್ಲ. ಉಪ್ಪಿಗೆ ಹೆದರಬೇಕು. ಉಪ್ಪು ಜಾಸ್ತಿಯಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತದೆ. ಉಪ್ಪಿನಕಾಯಿ, ಉಪ್ಪು ಮೀನು, ಪಾಕೆಟ್ ತಿಂಡಿ ದಿನಾ ತಿನ್ನುವವರು ಇದನ್ನು ಗಮನಿಸಲೇಬೇಕು.

ಅಕ್ಕಿಗೆ ಎದುರಾಗಿ ರಾಗಿ

ಇಲ್ಲಿ ಹೋಲಿಕೆ ಏಕಪಕ್ಷೀಯ. ನೂರು ಗ್ರಾಂ ರಾಗಿಯಲ್ಲಿ 364 ಮಿ.ಗ್ರಾಂ, ಅಕ್ಕಿಯಲ್ಲಿ ಏಳೆಂಟು. ಬೇರೆ ಯಾವ ಧಾನ್ಯವೂ ರಾಗಿಯ ಹತ್ತಿರ ಬರುವುದಿಲ್ಲ. ಗೋಧಿಯೂ ಅಷ್ಟೇ, ಹಿಂದೆಯೇ ಉಳಿಯುತ್ತದೆ.

ರಾಗಿಯಲ್ಲಿ ಫೈಟೇಟ್, ಆಕ್ಸಲೇಟ್ ಅನ್ನುವ ಅಂಶಗಳಿವೆ. ಇವು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವುದರಿಂದ ಮೈಗೆ ಹತ್ತುವ ಪ್ರಮಾಣ ಹಾಲಿಗಿಂತ ಸ್ವಲ್ಪ ಕಡಿಮೆ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಹಿಟ್ಟು ಮಾಡಿಸಿದರೆ ಫೈಟೇಟ್ ಇಳಿಯುತ್ತದೆ. ಹಿಟ್ಟನ್ನು ಹುಳಿ ಬರಿಸಿ ದೋಸೆ, ಅಂಬಲಿ ಮಾಡಿದರೂ ಹಾಗೆಯೇ. ಮಳೆಗಾಲದಲ್ಲಿ ಮೊಳಕೆ ರಾಗಿ ಒಣಗಿಸುವುದು ಕಷ್ಟ. ಬೂಸ್ಟು ಹಿಡಿದ ಹಿಟ್ಟು ತಿನ್ನುವುದಕ್ಕಿಂತ ಆ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿ ಗಾಳಿಯಾಡದ ಡಬ್ಬದಲ್ಲಿ ತುಂಬಿಡುವುದು ಒಳ್ಳೆಯದು.

ಶನಿವಾರಸಂತೆ, ಕೊಡ್ಲಿಪೇಟೆ, ಕುಶಾಲನಗರ ಕಡೆಯವರಿಗೆ ಮುದ್ದೆ ಹೊಸದಲ್ಲ. ನಾಪೋಕ್ಲು, ವಿರಾಜಪೇಟೆ, ಪೊನ್ನಂಪೇಟೆ ಕಡೆಯ ಮನೆಗಳಲ್ಲಿ "ನಮಗೆ ಮುದ್ದೆ ಇಳಿಯುವುದಿಲ್ಲ" ಅನ್ನುತ್ತಾರೆ. ಇಳಿಯಲೇಬೇಕು ಅಂತೇನಿಲ್ಲ. ಒಟ್ಟಿ ಮಾಡಲು ಅನ್ನ ಮತ್ತು ಅಕ್ಕಿ ಹಿಟ್ಟು ಸೇರಿಸಿ ನಾದುತ್ತೇವಲ್ಲ, ಅದರಲ್ಲಿ ಅಕ್ಕಿ ಹಿಟ್ಟಿನ ಜಾಗಕ್ಕೆ ರಾಗಿ ಹಿಟ್ಟು ಹಾಕಿ. ಅನ್ನದ ಅಂಟು ಇರುವುದರಿಂದ ಮುರಿಯುವುದಿಲ್ಲ, ಮೃದುವಾಗಿ ಬರುತ್ತದೆ. ಪಂದಿ ಕರಿಯ ಜೊತೆ ಚೆನ್ನಾಗಿಯೇ ಹೊಂದುತ್ತದೆ. 40 ಗ್ರಾಂ ರಾಗಿ ಹಿಟ್ಟಿನ ಒಂದು ರೊಟ್ಟಿಗೆ 145 ಮಿ.ಗ್ರಾಂ. ಎರಡು ತಿಂದರೆ 290. ಅದೇ ಎರಡು ಅಕ್ಕಿ ಒಟ್ಟಿಯಿಂದ ಹತ್ತೂ ಸಿಗುವುದಿಲ್ಲ.

ಅಂಗಡಿಯ ರಾಗಿ ಮಾಲ್ಟ್ ಕೊಳ್ಳುವಾಗ ಡಬ್ಬದ ಹಿಂಬದಿ ಓದಿ. ಪಟ್ಟಿಯಲ್ಲಿ ಮೊದಲು ಸಕ್ಕರೆ ಬಂದರೆ ಅದು ಸಕ್ಕರೆ ಪುಡಿ, ರಾಗಿ ಬರೀ ಹೆಸರಿಗೆ.

ಸೊಪ್ಪು: ತುರಿಕೆ ಹೇಳುವ ಸತ್ಯ

ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್ ಮಳೆಯ ಹೊತ್ತು) ಕೆಸುವಿನ ಸಾರು ಮಾಡದ ಮನೆ ಕೊಡಗಿನಲ್ಲಿ ಕಡಿಮೆ. ಪಟ್ಟಿಯಲ್ಲಿ ಕೆಸುವಿನ ಎಲೆಗೆ ನೂರು ಗ್ರಾಂಗೆ 200 ಮಿ.ಗ್ರಾಂಗಿಂತ ಜಾಸ್ತಿ ಅಂತ ಇರುತ್ತದೆ. ಹಾಲಿಗಿಂತ ಮೇಲು! ಆದರೆ ಕೆಸು ಸರಿಯಾಗಿ ಬೇಯದಿದ್ದರೆ ನಾಲಿಗೆ, ಗಂಟಲು ತುರಿಸುತ್ತದಲ್ಲ, ಆ ತುರಿಕೆಗೆ ಕಾರಣವೇ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು. ಅಂದರೆ ಆ ಎಲೆಯ ಕ್ಯಾಲ್ಸಿಯಂನಲ್ಲಿ ದೊಡ್ಡ ಪಾಲು ಆಗಲೇ ಆಕ್ಸಲೇಟಿಗೆ ಕಟ್ಟಿಕೊಂಡು ಕೂತಿದೆ. ಹುಳಿ ಹಾಕಿ ಬೇಯಿಸಿದರೆ ತುರಿಕೆ ತಗ್ಗುತ್ತದೆ. ಕ್ಯಾಲ್ಸಿಯಂ ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಕೆಸು ತಿನ್ನಿ, ರುಚಿಗೆ ತಿನ್ನಿ, ನಾರಿಗೆ ತಿನ್ನಿ. ಮೂಳೆಯ ಲೆಕ್ಕಕ್ಕೆ ಬರೆದುಕೊಳ್ಳಬೇಡಿ.

ಪಾಲಕ್ ಕೂಡ ಇದೇ ಜಾತಿ. ಅದರ ಕ್ಯಾಲ್ಸಿಯಂನಲ್ಲಿ ಮೈಗೆ ಹತ್ತುವುದು ನೂರಕ್ಕೆ ಐದರಷ್ಟು ಮಾತ್ರ. ಹರಿವೆಯಲ್ಲಿ ಕ್ಯಾಲ್ಸಿಯಂ 330ರಷ್ಟು ಇದ್ದರೂ ಆಕ್ಸಲೇಟೂ ಜಾಸ್ತಿ. ನುಗ್ಗೆ ಸೊಪ್ಪು ಇವೆಲ್ಲಕ್ಕಿಂತ ಒಳ್ಳೆಯ ಆಯ್ಕೆ. ನೂರು ಗ್ರಾಂ ಹಸಿ ಸೊಪ್ಪಿಗೆ 314 ಮಿ.ಗ್ರಾಂ, ಕರಗುವ ಆಕ್ಸಲೇಟ್ ಕಡಿಮೆ. ಒಬ್ಬರ ಪಾಲಿಗೆ 50 ಗ್ರಾಂ ಬಂದರೂ 150 ಆಯಿತು. ಮಳೆ ವಿಪರೀತ ಇರುವ ಕಡೆ ನುಗ್ಗೆ ಮರ ಏಳುವುದು ಕಷ್ಟ, ಕುಶಾಲನಗರದ ಒಣ ಬದಿಯಲ್ಲಿ ಚೆನ್ನಾಗಿ ಬರುತ್ತದೆ. ಸಂತೆಯಲ್ಲಿ ಕಂಡಾಗ ಬಿಡಬೇಡಿ. ಮೂಲಂಗಿ ತಂದು ಅದರ ಸೊಪ್ಪನ್ನು, ನವಿಲುಕೋಸು ತಂದು ಅದರ ಎಲೆಯನ್ನು ಕಿತ್ತೆಸೆಯುತ್ತೇವೆ. ಗಡ್ಡೆಗಿಂತ ಆ ಎಲೆಯಲ್ಲೇ ಕ್ಯಾಲ್ಸಿಯಂ ಜಾಸ್ತಿ, ಆಕ್ಸಲೇಟೂ ಕಡಿಮೆ. ಪಲ್ಯಕ್ಕೆ ಹಾಕಿ.

ಕಣಿಲೆ (ಎಳೆ ಬಿದಿರು), ಅಣಬೆ ಎರಡರಲ್ಲೂ ಕ್ಯಾಲ್ಸಿಯಂ ತೀರಾ ಕಡಿಮೆ. ಕಕ್ಕಡ ಹದಿನೆಂಟರಂದು ಮದ್ದು ಸೊಪ್ಪಿನ ರಸದಲ್ಲಿ ಮಾಡುವ ಮದ್ದು ಪುಟ್ಟನ್ನು ಪದ್ಧತಿಗಾಗಿ, ಪ್ರೀತಿಗಾಗಿ ತಿನ್ನೋಣ. ವರ್ಷಕ್ಕೊಂದು ದಿನದ ಊಟವನ್ನು ಈ ಹೋಲಿಕೆಗೆ ತರುವುದು ಬೇಡ.

ಮೀನು, ಏಡಿ, ಕಾಲು ಸೂಪ್

ಮಾಂಸಾಹಾರಿಗಳಿಗೆ ಇಲ್ಲಿ ಒಂದೇ ಸೂತ್ರ: ಮುಳ್ಳು ಹೊಟ್ಟೆಗೆ ಹೋದರೆ ಕ್ಯಾಲ್ಸಿಯಂ ಕೂಡ ಹೊಟ್ಟೆಗೆ ಹೋಯಿತು, ಮುಳ್ಳು ತಟ್ಟೆಯ ಬದಿಗೆ ಹೋದರೆ ಅದೂ ಬದಿಗೆ ಹೋಯಿತು. ದೊಡ್ಡ ಮೀನಿನ ತುಂಡಿನಲ್ಲಿ ಪ್ರೋಟೀನ್ ಚೆನ್ನಾಗಿರುತ್ತದೆ, ಕ್ಯಾಲ್ಸಿಯಂ ಅಷ್ಟಕ್ಕಷ್ಟೆ. ಮತ್ತಿ (ಬೂತಾಯಿ), ನತ್ತೋಲಿಯಂಥ ಸಣ್ಣ ಮೀನನ್ನು ಮುಳ್ಳು ಮೆತ್ತಗಾಗುವಷ್ಟು ಬೇಯಿಸಿ ಇಡಿಯಾಗಿ ತಿಂದರೆ ನೂರು ಗ್ರಾಂಗೆ 300 ಮಿ.ಗ್ರಾಂ ದಾಟಬಹುದು. ಮೈಗೆ ಹತ್ತುವುದೂ ಚೆನ್ನಾಗಿಯೇ. ಕಣ್ಣೂರು, ತಲಶ್ಶೇರಿ ಕಡೆಯಿಂದ ಮಾಕುಟ್ಟ ಘಾಟಿ ಹತ್ತಿ ವಿರಾಜಪೇಟೆಗೆ, ಮಂಗಳೂರಿನಿಂದ ಸಂಪಾಜೆ ಮೇಲೆ ಮಡಿಕೇರಿಗೆ ಮೀನು ಬರುತ್ತದೆ. ಅದರಲ್ಲಿ ಅಗ್ಗದ್ದು ಮತ್ತಿಯೇ. ಅಗ್ಗ ಅಂತ ಅದನ್ನು ಕೀಳು ಮಾಡುವವರಿದ್ದಾರೆ. ಮೂಳೆಯ ಮಟ್ಟಿಗೆ ಅದೇ ಮೇಲು. ಮತ್ತಿಯಲ್ಲಿ ವಿಟಮಿನ್ ಡಿ ಕೂಡ ಇದೆ, ಅದರ ಮಾತು ಮುಂದೆ ಬರುತ್ತದೆ. ಗದ್ದೆ ತೋಡಿನಲ್ಲಿ ಸಿಗುವ ಬೆರಳುದ್ದದ ಮೀನಿಗೂ ಇದೇ ಮಾತು. ಕಾಚಂಪುಳಿ (ಕೊಡಗಿನ ಕಪ್ಪು ಹುಳಿ ರಸ) ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿದರೆ ಮುಳ್ಳು ಬೇಗ ಮೆತ್ತಗಾಗುತ್ತದೆ. ಒಣಮೀನಾದರೆ ನೀರಲ್ಲಿ ನೆನೆಸಿ, ಆ ಉಪ್ಪು ನೀರು ಚೆಲ್ಲಿ, ಆಮೇಲೆ ಅಡುಗೆ ಮಾಡಿ. ಚಿಕ್ಕ ಮಕ್ಕಳಿಗೆ ಮುಳ್ಳಿನ ಮೀನು ಕೊಡುವಾಗ ಕೈಯಲ್ಲೇ ಹಿಸುಕಿ ನೋಡಿ ಕೊಡಿ.

ಮೂಳೆ ಮುರಿದವರಿಗೆ ಕಾಲು ಸೂಪ್ ಕೊಡುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿದೆ. ಪ್ರೀತಿಯಿಂದ ಮಾಡುತ್ತಾರೆ, ನಾನು ಬೇಡ ಅನ್ನುವುದಿಲ್ಲ. ಆದರೆ ಮೂಳೆಯ ಕ್ಯಾಲ್ಸಿಯಂ ನೀರಿಗೆ ಬಹಳ ಕಡಿಮೆ ಇಳಿಯುತ್ತದೆ. ಗಂಟೆಗಟ್ಟಲೆ ಕುದಿಸಿದ ಒಂದು ಬಟ್ಟಲು ಸೂಪಿಗಿಂತ ಒಂದು ಬಟ್ಟಲು ಮೊಸರಿನಲ್ಲಿ ಎಷ್ಟೋ ಪಾಲು ಜಾಸ್ತಿ ಸಿಗುತ್ತದೆ. ಹಾಸಿಗೆ ಹಿಡಿದ ಅಜ್ಜಿಗೆ ದಿನವಿಡೀ ಸೂಪ್ ಕೊಟ್ಟು, ಹೊಟ್ಟೆ ತುಂಬಿತು ಅಂತ ಹಾಲು ನಿಲ್ಲಿಸಿದರೆ ಅದು ನಷ್ಟವೇ. ಗದ್ದೆ ಏಡಿಯ ಸಾರೂ ಹೀಗೆಯೇ. ಕ್ಯಾಲ್ಸಿಯಂ ಇರುವುದು ಬಹುಪಾಲು ಚಿಪ್ಪಿನಲ್ಲಿ, ಚಿಪ್ಪನ್ನು ನಾವು ಜಜ್ಜಿ ಸೋಸಿ ಬಿಸಾಡುತ್ತೇವೆ.

ಎಳ್ಳು, ಹುರುಳಿ, ಮತ್ತೆ ಎಲೆ ಅಡಿಕೆಯ ಸುಣ್ಣ

ಎಳ್ಳು ಪಜ್ಜಿ (ಎಳ್ಳಿನ ಚಟ್ನಿ) ಮಾಡುವ ಮನೆಯವರು ಅದನ್ನು ಬಿಡಬೇಡಿ. ಸಿಪ್ಪೆ ಸಮೇತ ಇರುವ ಎಳ್ಳಿನಲ್ಲಿ ನೂರು ಗ್ರಾಂಗೆ ಸಾವಿರಕ್ಕೂ ಮೇಲೆ ಕ್ಯಾಲ್ಸಿಯಂ ಇದೆ. ಒಂದು ದೊಡ್ಡ ಚಮಚ, ಹತ್ತು ಗ್ರಾಂ, ತಿಂದರೆ 120 ಸಿಗುತ್ತದೆ. ಸಿಪ್ಪೆಯಲ್ಲಿ ಆಕ್ಸಲೇಟೂ ಇರುವುದರಿಂದ ಮೈಗೆ ಹತ್ತುವುದು ಹಾಲಿಗಿಂತ ಕಡಿಮೆ. ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಕ್ಯಾಲ್ಸಿಯಂ ಬಹಳ ಇಳಿದಿರುತ್ತದೆ. ಹುರುಳಿಯಲ್ಲಿ ನೂರು ಗ್ರಾಂಗೆ 270ರಷ್ಟಿದೆ. ಹುರುಳಿ ಕಾಳನ್ನೂ ತಿಂದರೆ ಲಾಭ, ಬರೀ ಕಟ್ಟಿನ ಸಾರು ಕುಡಿದರೆ ಅಷ್ಟಿಲ್ಲ.

ಎಲೆ ಅಡಿಕೆ ಹಾಕುವವರು "ಸುಣ್ಣ ಹೋಗುತ್ತದಲ್ಲ, ಕ್ಯಾಲ್ಸಿಯಂಗೆ ಅದೇ ಸಾಕು" ಅನ್ನುವುದನ್ನು ಕೇಳಿದ್ದೇನೆ. ಇದಕ್ಕೆ ನನ್ನ ಉತ್ತರ ನೇರ. ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಗುರುತಿಸಿದೆ. ತಂಬಾಕು ಸೇರಿದರೆ ಇನ್ನೂ ಕೆಟ್ಟದ್ದು. ಸುಣ್ಣ ಬಾಯಿಯ ಒಳಚರ್ಮವನ್ನು ಸುಡುತ್ತದೆ. ಮೂಳೆ ಉಳಿಸುವ ನೆಪದಲ್ಲಿ ಬಾಯಿ ಕಳೆದುಕೊಳ್ಳಬಾರದು.

ಈಗ ಮೊದಲಿನ 265ಕ್ಕೆ ವಾಪಸ್ ಹೋಗೋಣ. ಅದೇ ದಿನಕ್ಕೆ ಒಂದು ಲೋಟ ಹಾಲು ಸೇರಿಸಿ, 505. ಒಂದು ಬಟ್ಟಲು ಮೊಸರು, 655. ಒಂದು ಹೊತ್ತಿನ ಅಕ್ಕಿ ಒಟ್ಟಿ ಬದಲು ಎರಡು ರಾಗಿ ರೊಟ್ಟಿ, 945. ಒಂದು ಚಮಚ ಎಳ್ಳು ಪಜ್ಜಿ, 1065. ಪಂದಿ ಕರಿ ಹಾಗೇ ಇದೆ, ಮಧ್ಯಾಹ್ನದ ಅನ್ನವೂ ಇದೆ, ಕಾಫಿಯೂ ಇದೆ. ಮಾತ್ರೆ ಮಾತ್ರ ಇಲ್ಲ.

ಮಾತ್ರೆ: ಯಾವುದು, ಯಾವಾಗ, ಎಷ್ಟು

ಊಟದಿಂದ ಆಗದವರಿಗೆ ಮಾತ್ರೆ ಬೇಕು. ಸುಮ್ನೆ ಎಲ್ಲರೂ ನುಂಗಬೇಕಾದ್ದಲ್ಲ. ಆರೋಗ್ಯವಾಗಿರುವ ದೊಡ್ಡವರು ಬರೀ ಕ್ಯಾಲ್ಸಿಯಂ ಮಾತ್ರೆ ತಿಂದರೆ ಮೂಳೆ ಮುರಿಯುವುದು ತಪ್ಪುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಮೂಳೆ ಸವೆತ ಇದೆ ಅಂತ ಗೊತ್ತಾದವರಿಗೂ ಕ್ಯಾಲ್ಸಿಯಂ ಒಂದೇ ಚಿಕಿತ್ಸೆ ಅಲ್ಲ.

ಮೆಡಿಕಲ್ ಶಾಪಿನಲ್ಲಿ ಮುಖ್ಯವಾಗಿ ಎರಡು ಬಗೆ ಸಿಗುತ್ತವೆ. ಕ್ಯಾಲ್ಸಿಯಂ ಕಾರ್ಬೊನೇಟ್ ಅಗ್ಗ, ಅದರಲ್ಲಿ ನೂರಕ್ಕೆ 40 ಭಾಗ ಕ್ಯಾಲ್ಸಿಯಂ. ಕರಗಲು ಹೊಟ್ಟೆಯ ಆಮ್ಲ ಬೇಕು, ಹಾಗಾಗಿ ಊಟದ ಜೊತೆಗೇ ನುಂಗಬೇಕು. ಕೆಲವರಿಗೆ ಮಲಬದ್ಧತೆ, ಗ್ಯಾಸ್ ಆಗುತ್ತದೆ. ಕ್ಯಾಲ್ಸಿಯಂ ಸಿಟ್ರೇಟ್‌ನಲ್ಲಿ 21 ಭಾಗ ಮಾತ್ರ ಕ್ಯಾಲ್ಸಿಯಂ. ಮಾತ್ರೆ ಜಾಸ್ತಿ ಬೇಕಾಗುತ್ತದೆ, ದುಡ್ಡೂ ಜಾಸ್ತಿ. ಆದರೆ ಖಾಲಿ ಹೊಟ್ಟೆಯಲ್ಲೂ ಕರಗುತ್ತದೆ. ವರ್ಷಾನುಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ತಗೊಳ್ಳುತ್ತಿರುವ ಹಿರಿಯರಿಗೆ ಆಮ್ಲ ಕಡಿಮೆ ಇರುವುದರಿಂದ ಸಿಟ್ರೇಟ್ ವಾಸಿ. ಉಳಿದವರಿಗೆ ಕಾರ್ಬೊನೇಟ್ ಸಾಕು. ದುಬಾರಿ ಹೆಸರಿನ, ಹವಳದ, ಪಾಚಿಯ ಕ್ಯಾಲ್ಸಿಯಂ ಅಂತ ಮಾರುವುದಕ್ಕೆ ಮರುಳಾಗಬೇಕಿಲ್ಲ. ಒಳಗಿರುವುದು ಬಹುತೇಕ ಅದೇ ಕಾರ್ಬೊನೇಟ್. ಜನೌಷಧಿ ಕೇಂದ್ರದ ಮಾತ್ರೆಯೂ ಅದೇ ಕೆಲಸ ಮಾಡುತ್ತದೆ.

ಮಾತ್ರೆಯ ಸ್ಟ್ರಿಪ್ ಮೇಲಿನ ಅಂಕಿ ನೋಡಿ ಮೋಸಹೋಗಬೇಡಿ. "ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ" ಅಂದರೆ ಒಳಗಿರುವ ಕ್ಯಾಲ್ಸಿಯಂ 500. ಒಂದೇ ಸಲಕ್ಕೆ 500ಕ್ಕಿಂತ ಜಾಸ್ತಿ ನುಂಗಿದರೆ ಮೈ ಹೀರಿಕೊಳ್ಳುವ ಪಾಲು ಇಳಿಯುತ್ತದೆ. ಎರಡು ಬೇಕಿದ್ದರೆ ಮಧ್ಯಾಹ್ನ ಒಂದು, ರಾತ್ರಿ ಒಂದು. ಕಬ್ಬಿಣದ ಮಾತ್ರೆಯ ಜೊತೆ ಬೇಡ, ಎರಡು ಗಂಟೆ ಅಂತರ ಇರಲಿ. ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರ ಇಡಿ. ಕೆಲವು ಆಂಟಿಬಯೋಟಿಕ್ ಕೂಡ ಕ್ಯಾಲ್ಸಿಯಂ ಜೊತೆ ಕೆಲಸ ಮಾಡುವುದಿಲ್ಲ. ಡಾಕ್ಟರಿಗೆ ನೀವು ತಗೊಳ್ಳುವ ಎಲ್ಲಾ ಮಾತ್ರೆ ತೋರಿಸಿ.

ಕಿಡ್ನಿ ಕಲ್ಲು ಆದವರು ಹಾಲು, ಮೊಸರನ್ನೆಲ್ಲಾ ಬಿಟ್ಟುಬಿಡುತ್ತಾರೆ. ಇದು ಉಲ್ಟಾ ಕೆಲಸ. ಊಟದಲ್ಲಿರುವ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಹೊರಗೆ ಕಳಿಸುತ್ತದೆ. ಕ್ಯಾಲ್ಸಿಯಂ ತೀರಾ ಕಡಿಮೆಯಾದರೆ ಆಕ್ಸಲೇಟ್ ರಕ್ತಕ್ಕೆ ಸೇರಿ ಕಿಡ್ನಿಗೆ ಬರುತ್ತದೆ, ಆಕ್ಸಲೇಟ್ ಕಲ್ಲಿನ ಸಾಧ್ಯತೆ ಜಾಸ್ತಿಯಾಗುತ್ತದೆ. ಅಂಥವರು ಮೊಸರನ್ನು ಊಟದ ಜೊತೆಗೇ ಇಟ್ಟುಕೊಳ್ಳಲಿ, ಉಪ್ಪು ಕಡಿಮೆ ಮಾಡಲಿ, ನೀರು ಜಾಸ್ತಿ ಕುಡಿಯಲಿ. ಮಾತ್ರೆಯನ್ನು ಮಾತ್ರ ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಮಳೆಗಾಲದ ಬಿಸಿಲಿನ ಸಮಸ್ಯೆ

ಎಷ್ಟು ಕ್ಯಾಲ್ಸಿಯಂ ತಿಂದರೂ ವಿಟಮಿನ್ ಡಿ ಇಲ್ಲದಿದ್ದರೆ ಕರುಳು ಅದನ್ನು ಸರಿಯಾಗಿ ಹೀರುವುದಿಲ್ಲ. ವಿಟಮಿನ್ ಡಿ ಬಹುಪಾಲು ಚರ್ಮದಲ್ಲೇ ತಯಾರಾಗುತ್ತದೆ, ಅದಕ್ಕೆ ನಡು ಹಗಲಿನ ಬಿಸಿಲು ಬೇಕು. ಬೆಳಗಿನ ಎಳೆ ಬಿಸಿಲು ಹಿತವಾಗಿರುತ್ತದೆ, ಆದರೆ ಅದರಲ್ಲಿ ಬೇಕಾದ ಕಿರಣ ಕಡಿಮೆ. ಭಾಗಮಂಡಲ, ನಾಪೋಕ್ಲು ಕಡೆ ಜೂನ್ ಬಂದರೆ ಸೂರ್ಯನ ಮುಖ ಕಾಣುವುದೇ ಅಪರೂಪ. ದಿನವಿಡೀ ಹೊರಗೆ ದುಡಿಯುವ ತೋಟದ ಕೆಲಸಗಾರರೂ ನೆರಳು ಮರದ ಕೆಳಗೆ, ತಲೆಗೆ ಬಟ್ಟೆ, ಮೈಗೆ ಉದ್ದ ತೋಳಿನ ಅಂಗಿ. ಹೊರಗೆ ಇದ್ದ ಮಾತ್ರಕ್ಕೆ ಬಿಸಿಲು ಬಿದ್ದಂತಲ್ಲ.

ಅಕ್ಟೋಬರ್‌ನಿಂದ ಮೇ ತನಕ ಅಂಗಳದಲ್ಲಿ ಕಾಫಿ, ಮೆಣಸು ಒಣಗಿಸುವ ಹೊತ್ತಿಗೆ ತೋಳು, ಕಾಲಿಗೆ ಸ್ವಲ್ಪ ಬಿಸಿಲು ಬೀಳುವಂತೆ ನೋಡಿಕೊಳ್ಳಿ. ಮಳೆಗಾಲದಲ್ಲಿ ಮತ್ತಿ, ಬಂಗುಡೆ, ಮೊಟ್ಟೆಯ ಹಳದಿ ಸ್ವಲ್ಪ ಕೈಹಿಡಿಯುತ್ತವೆ. ಸಾಲದು ಅನ್ನಿಸಿದರೆ ಪರೀಕ್ಷೆ ಮಾಡಿಸಿ ಡಾಕ್ಟರ್ ಹೇಳಿದಂತೆ ತಗೊಳ್ಳಬಹುದು. ವಾರಕ್ಕೊಂದು 60,000 ಯೂನಿಟ್‌ನ ಪುಡಿಯನ್ನು ಕೆಲವು ವಾರಗಳ ಮಟ್ಟಿಗೆ ಬರೆದುಕೊಡುತ್ತಾರೆ. ಅದನ್ನು ತಿಂಗಳುಗಟ್ಟಲೆ ತಾವೇ ಮುಂದುವರಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಏರಬಹುದು.

ಯಾರಿಗೆ ಯಾವುದು

ಶಾಲೆಯ ಮಕ್ಕಳಿಗೆ ಹಾಲು ಮತ್ತು ರಾಗಿ ಎರಡೂ. 2013ರಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ 18 ಗ್ರಾಂ ಹಾಲಿನ ಪುಡಿಯಿಂದ ಮಾಡಿದ 150 ಮಿ.ಲೀ. ಹಾಲು ಸಿಗುತ್ತದೆ, ಅಂದರೆ 165 ಮಿ.ಗ್ರಾಂನಷ್ಟು. ಒಳ್ಳೆಯ ಶುರು, ಆದರೆ ಮನೆಯಲ್ಲಿ "ಶಾಲೆಯಲ್ಲಿ ಕುಡಿದಿದ್ದಾನಲ್ಲ" ಅಂತ ಲೋಟ ತಪ್ಪಿಸಬಾರದು. ಮೂಳೆ ಗಟ್ಟಿಯಾಗುವುದು ಇಪ್ಪತ್ತೈದು ಮೂವತ್ತರ ಒಳಗೆ. ಹಾಕಿ ಆಡುವ ಹುಡುಗ ಹುಡುಗಿಯರಿರುವ ನಾಡು ನಮ್ಮದು, ಓಟ ಮತ್ತು ಆಟದ ಹೊಡೆತಕ್ಕೆ ಮೂಳೆ ಇನ್ನಷ್ಟು ಬಲಿಯುತ್ತದೆ. ಆ ವಯಸ್ಸಿಗೆ ಹೆಲ್ತ್ ಡ್ರಿಂಕ್ ಪುಡಿಗಿಂತ ಹಾಲಿಗೇ ದುಡ್ಡು ಹಾಕಿ.

ಬಸುರಿಯರಿಗೆ ನನ್ನ ಸಲಹೆ ಬೇರೆ. ಅವರು ಊಟ, ಮಾತ್ರೆ ಎರಡನ್ನೂ ತಗೊಳ್ಳಬೇಕು. ಸರ್ಕಾರಿ ಮಾರ್ಗಸೂಚಿಯ ಪ್ರಕಾರ ಹದಿನಾಲ್ಕನೇ ವಾರದಿಂದ ದಿನಕ್ಕೆ ಎರಡು ಸಲ 500 ಮಿ.ಗ್ರಾಂ, ಹೆರಿಗೆಯಾದ ಮೇಲೂ ಆರು ತಿಂಗಳು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಬಸುರಿಯರಲ್ಲಿ ಬಿಪಿ ಏರುವ ಅಪಾಯವನ್ನೂ ಇದು ತಗ್ಗಿಸುತ್ತದೆ. ಅಂಗನವಾಡಿಯ ಮಾತೃಪೂರ್ಣ ಊಟದಲ್ಲಿ 200 ಮಿ.ಲೀ. ಹಾಲು, ಮೊಟ್ಟೆ, ಚಿಕ್ಕಿ ಇರುತ್ತದೆ. ಲೈನ್ ಮನೆಗಳಲ್ಲಿರುವ ಕೂಲಿ ಕುಟುಂಬಗಳ ಹೆಣ್ಣುಮಕ್ಕಳಿಗೆ ತೋಟದ ಮಾಲೀಕರು ಆ ಹೊತ್ತಿಗೆ ಬಿಡುವು ಕೊಟ್ಟು ಕಳಿಸಬೇಕು. ಇದು ನನ್ನ ಕಳಕಳಿಯ ವಿನಂತಿ.

ಹಾಲು ಒಗ್ಗದವರು, ಹಾಲು ಕೊಳ್ಳಲಾಗದವರು ರಾಗಿ, ಮತ್ತಿ, ನುಗ್ಗೆ ಸೊಪ್ಪಿನ ದಾರಿ ಹಿಡಿಯಿರಿ. ಹಾಲೂ ಇಲ್ಲ, ಮೀನೂ ಇಲ್ಲ ಅನ್ನುವ ಮನೆಗಳಿಗೆ ರಾಗಿ ದಿನಾ ಬೇಕೇ ಬೇಕು, ಎಳ್ಳು ಜೊತೆಗಿರಲಿ. ಅಷ್ಟಾದರೂ ಕೊರತೆ ಉಳಿಯಬಹುದು, ಆಗ ಒಂದು ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳಿ.

ಮುಟ್ಟು ನಿಂತ ಅಕ್ಕ, ಅಮ್ಮಂದಿರ ವಿಷಯದಲ್ಲಿ ತಡ ಮಾಡಬೇಡಿ. ಆ ಮೊದಲ ಕೆಲವು ವರ್ಷಗಳಲ್ಲೇ ಮೂಳೆ ಬೇಗ ಬೇಗ ಸವೆಯುತ್ತದೆ. ಹಾಲು ಎರಡು ಲೋಟಕ್ಕೆ ಏರಲಿ, ಮೊಸರು ತಪ್ಪದಿರಲಿ, ಒಂದು ಹೊತ್ತು ರಾಗಿ ಇರಲಿ. ಅದರ ಮೇಲೆ ಎಷ್ಟು ಕಡಿಮೆ ಬೀಳುತ್ತದೋ ಅಷ್ಟಕ್ಕೆ ಮಾತ್ರ ಮಾತ್ರೆ. ಎತ್ತರ ಕುಗ್ಗಿದಂತೆ ಕಂಡರೆ, ಬೆನ್ನು ಬಾಗಿದರೆ, ಸಣ್ಣದಾಗಿ ಜಾರಿ ಬಿದ್ದದ್ದಕ್ಕೇ ಮಣಿಕಟ್ಟು ಮುರಿದಿದ್ದರೆ ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ, ಬಚ್ಚಲ ಕಲ್ಲು ಉಜ್ಜಿಸಿಡಿ, ಮೆಟ್ಟಿಲಿಗೆ ಹಿಡಿಕೆ ಹಾಕಿಸಿ.